ಯಂಕೋಬನ ಹೆಸರು ಹೇಳದ ನಾಲ್ಕು ದಿನ

"ಪರಿಚಯದವರಾ?"

ಕುಷ್ಟಗಿಯ ಬ್ಯಾಂಕಿನ ಮೆಟ್ಟಿಲ ಮೇಲೆ ನಿಂತು ವಾಣಿಶ್ರೀ ಆ ಒಂದು ಪದವನ್ನು ಮೂರು ಸಲ ಓದಿದಳು. ಓದಿದಷ್ಟು ಸಲವೂ ಅವಳ ಮೂಗಿನ ತುದಿ ಇನ್ನಷ್ಟು ಕೆಂಪಾಯಿತು. ಸಿಟ್ಟು ಬಂದರೆ ಅವಳ ಮೂಗು ಕೆಂಪಾಗುತ್ತದೆ ಎಂಬುದು ಯಂಕೋಬನಿಗೆ ಗೊತ್ತಿತ್ತು. ಆಗ ಅವಳು ಇನ್ನೂ ಚೆಂದ ಕಾಣುತ್ತಾಳೆ ಎಂಬುದೂ ಗೊತ್ತಿತ್ತು. ಆದರೆ ಅದನ್ನು ಹೇಳುವ ಹೊತ್ತು ಇದಾಗಿರಲಿಲ್ಲ.

ಅವರಿಬ್ಬರ ಜಂಟಿ ಖಾತೆಯ ಅರ್ಜಿ ವಾಪಸು ಬಂದಿತ್ತು. 'ಖಾತೆದಾರರ ನಡುವಿನ ಸಂಬಂಧ' ಎಂಬ ಕಾಲಂನಲ್ಲಿ ಯಂಕೋಬ ದುಂಡಗೆ 'ಪರಿಚಯದವರು' ಎಂದು ಬರೆದಿದ್ದ. ಮ್ಯಾನೇಜರ್ ಅದರ ಸುತ್ತ ಕೆಂಪು ಗೆರೆ ಎಳೆದು, ಪರಿಚಯದವರಿಗೆಲ್ಲ ಜಂಟಿ ಖಾತೆ ಕೊಡುತ್ತ ಕೂತರೆ ನಾಳೆ ತಕರಾರು ಬಿಡಿಸುವವರು ಯಾರು ಎಂದು ಕೇಳಿ ಕಳಿಸಿದ್ದರು.

"ಮೂರು ವರ್ಷ ಆತು ಯಂಕೋಬಾ! ಮೂರು ವರ್ಷ ನಿನ್ ಜೋಡಿ ಒಂದ ಹಂದರದ ಕೆಳಗ ಕೆಲಸ ಮಾಡೀನಿ. ನಿನ್ ಬುತ್ತ್ಯಾಗಿನ ರೊಟ್ಟಿ ಎಷ್ಟ ದಪ್ಪ ಇರ್ತಾವ ಅಂತ ಸೈತ ನನಗ ಗೊತ್ತೈತಿ. ನಾ ನಿನಗ ಪರಿಚಯದಾಕಿ?"

"ಮತ್ತೇನ ಬರೀಬೇಕಿತ್ತು ವಾಣಿ?"

"ಅದನ್ನೂ ನಾನ ಹೇಳ್ಬೇಕು?"

ಯಂಕೋಬ ಅರ್ಜಿಯ ಕೆಂಪು ಗೆರೆಯತ್ತ ನೋಡಿದ.

ಕುಷ್ಟಗಿ ಸುತ್ತಿನ ಹೊಲಗಳಲ್ಲಿ ಬಳ್ಳಿಗೆ ಹಂದರ ಹಾಕಿ ಕಂಪನಿಗಳಿಗೆ ತರಕಾರಿ ಬೀಜ ಬೆಳೆದುಕೊಡುತ್ತಾರೆ. ಹೆಣ್ಣು ಹೂವಿಗೆ ಗಂಡು ಹೂವಿನ ಪರಾಗ ಮುಟ್ಟಿಸಿ, ಗುರುತಿಗೆ ತೊಟ್ಟಿಗೊಂದು ಕೆಂಪು ದಾರ ಕಟ್ಟಬೇಕು. ಈ ಕೆಲಸದಲ್ಲಿ ವಾಣಿಶ್ರೀಯ ಬೆರಳಿಗೆ ಸರಿಸಾಟಿ ಇರಲಿಲ್ಲ. ಇರಕಲ್ಲಗಡದಿಂದ ಮೇಲ್ವಿಚಾರಣೆಗೆಂದು ಬಂದ ಯಂಕೋಬ ಮೊದಲ ದಿನವೇ ಅವಳ ಬೆರಳು ನೋಡುತ್ತ ನಿಂತವನು, ಮೂರು ವರ್ಷವಾದರೂ ಕಣ್ಣು ಕಿತ್ತಿರಲಿಲ್ಲ. ಈ ಸಲ ಇಬ್ಬರೂ ಸೇರಿ ಒಂದೆಕರೆ ಹೊಲ ಗುತ್ತಿಗೆಗೆ ಹಿಡಿದು ಹಾಗಲಕಾಯಿಯ ಬೀಜಕ್ಕೆ ಒಪ್ಪಂದ ಮಾಡಿಕೊಂಡಿದ್ದರು. ಒಪ್ಪಂದದಲ್ಲಿ ಎರಡು ಹೆಸರಿದ್ದ ಮೇಲೆ ಖಾತೆಯಲ್ಲೂ ಎರಡು ಹೆಸರಿರಬೇಕು, ಸೋಮವಾರದೊಳಗೆ ಖಾತೆಯ ನಂಬರ್ ಕೊಡದಿದ್ದರೆ ಒಪ್ಪಂದ ಬೇರೆಯವರಿಗೆ ಕೊಡುತ್ತೇವೆ ಎಂದಿತ್ತು ಕಂಪನಿ.

"ಸೋಮವಾರ ಆಗ್ಲಿಲ್ಲಂದ್ರ ನಾ ಗಂಗಾವತಿಗೆ ಹೋಗ್ತೀನಿ," ಎಂದಳು ವಾಣಿಶ್ರೀ. "ಅಕ್ಕನ ಊರಾಗ ನರ್ಸರಿ ಕೆಲಸ ಐತಿ. ಅಲ್ಲಿ ನನಗ ಪರಿಚಯದವ್ರು ಯಾರೂ ಇಲ್ಲ. ಛಲೋ ಆತು."

ಮೆಟ್ಟಿಲಿಳಿದು ಹೊರಟೇಹೋದಳು. ಯಂಕೋಬನಿಗೆ ಖಾತೆಯ ಚಿಂತೆ ಅಲ್ಲೇ ಬಿಟ್ಟುಹೋಯಿತು. ಅವಳಿಲ್ಲದ ಹಂದರವೇ ಕಣ್ಣ ಮುಂದೆ ಬಂತು. ಪೆನ್ನು ಹಿಡಿದಾಗ ಅವನ ಮನಸ್ಸಿಗೆ ಬಂದಿದ್ದ ಪದವೇ ಬೇರೆ. ಬರೆದರೆ ಎಲ್ಲಿ ನಕ್ಕುಬಿಡುತ್ತಾಳೋ ಎಂದು ಪುಣ್ಯಾತ್ಮ ಹೆದರಿದ್ದ.

ಮರುದಿನ ಶುಕ್ರವಾರ. ಅವನು ಹೊಸ ಅರ್ಜಿ ತಂದು, ಎಲ್ಲ ಕಾಲಂ ತುಂಬಿ, ಆ ಒಂದನ್ನು ಖಾಲಿ ಬಿಟ್ಟು, ಕೆಳಗೆ ಸಹಿ ಹಾಕಿ ಅವಳ ಮುಂದೆ ಹಿಡಿದ.

"ನೀನ ತುಂಬು. ಏನ್ ಬರದ್ರೂ ನನ್ನ ಸಹಿ ಐತಿ."

ವಾಣಿಶ್ರೀ ಹುಬ್ಬೇರಿಸಿದಳು. "ಏನ್ ಬರದ್ರೂ?"

"ಏನ್ ಬರದ್ರೂ."

"ವೈರಿ ಅಂತ ಬರದ್ರ?"

"ಅದಕ್ಕೂ ಐತಿ. ನಿನ್ ಹೆಸರಿನ ಬಾಜೂಕ ನನ್ ಹೆಸರಿದ್ರ ಸಾಕು ನನಗ."

ಅವಳು ಅವನನ್ನೇ ನೋಡಿದಳು. ಹಂದರದ ಸಂದಿಯಿಂದ ಇಳಿದ ಬಿಸಿಲು ಅವಳ ಕೆನ್ನೆ ಮೇಲೆ ಚುಕ್ಕೆ ಚುಕ್ಕೆಯಾಗಿ ಬಿದ್ದಿತ್ತು. ತುಟಿಯಲ್ಲಿ ಏನೋ ಬಂದಂತಾಗಿ ಹಾಗೇ ನಿಂತಿತು. ಅರ್ಜಿ ಮಡಚಿ ಬುತ್ತಿಚೀಲಕ್ಕೆ ಸೇರಿಸಿ, ಬಳ್ಳಿಗಳ ನಡುವೆ ನಡೆದುಬಿಟ್ಟಳು.

ಆ ಗಳಿಗೆಯಿಂದ ಯಂಕೋಬನ ಕಿವಿಗೆ ಅವನ ಹೆಸರು ಬೀಳಲಿಲ್ಲ.

ಅಲ್ಲಿಯತನಕ ಆ ಹೆಸರಿಗೆ ಬಿಡುವೇ ಇರಲಿಲ್ಲ. ಯಂಕೋಬಾ, ನೀರು ಬಿಡೋ! ಯಂಕೋಬಾ, ದಾರ ತಾರೋ! ಹೊಲದ ಈ ತುದಿಯಲ್ಲಿ ಕೂಗಿದರೆ ತಾವರಗೇರಾ ರಸ್ತೆಯಲ್ಲಿ ಹೋಗುವವರೂ ತಿರುಗಿ ನೋಡಬೇಕು. ಈಗ ಐದು ಹೆಜ್ಜೆ ದೂರದಲ್ಲಿ ಅವನು ನಿಂತಿದ್ದರೂ, "ಫಕೀರಮ್ಮಾ, ಅವರಿಗೆ ಹೇಳು, ದಾರ ಮುಗದೈತಿ," ಎನ್ನುತ್ತಿದ್ದಳು.

ಅವರಿಗೆ! ಲೇ, ಬಾರೋ ಅನ್ನುತ್ತಿದ್ದವಳ ಬಾಯಲ್ಲಿ ಬಹುವಚನ! ಇದಕ್ಕಿಂತ ಎರಡು ಏಟು ಹಾಕಿದ್ದರೆ ವಾಸಿಯಿತ್ತು ಎನಿಸಿತು ಅವನಿಗೆ.

ಎಲ್ಲರಿಗಿಂತ ಹಿರಿಯ ಕೆಲಸದಾಕೆ ಫಕೀರಮ್ಮ ಮಾತ್ರ ಬಾಯಿಗೆ ಸೆರಗು ಒತ್ತಿಕೊಂಡೇ ಓಡಾಡುತ್ತಿದ್ದಳು. ಶನಿವಾರ ಯಂಕೋಬ ತಡೆಯಲಾರದೆ ಕೇಳಿದ: "ಇಷ್ಟ ಸಿಟ್ಟೇನಬೇ ಆಕಿಗೆ?"

"ಭಾಳ ಸಿಟ್ಟ ಐತಪ್ಪ. ಲಗೂನ ಇಳಿಯೂ ಸಿಟ್ಟಲ್ಲ ಇದು. ಜನ್ಮಾಪೂರ್ತಿ ಇರ್ತೈತಿ."

ಯಂಕೋಬ ಅಂದು ಬುತ್ತಿ ಬಿಚ್ಚಲಿಲ್ಲ. ಭಾನುವಾರವೂ ಅದೇ ಕಥೆ.

ಸೋಮವಾರ ಬ್ಯಾಂಕಿನ ಬಾಗಿಲಲ್ಲಿ ಕಂಡ ವಾಣಿಶ್ರೀ ಹಳದಿ ಸೀರೆ ಉಟ್ಟು, ಅಬ್ಬಲಿಗೆ ಮುಡಿದಿದ್ದಳು. ಗಂಗಾವತಿಗೆ ಹೊರಟವಳ ಸಡಗರ ಇದು ಎಂದುಕೊಂಡ ಅವನು. ಅವಳು ಮಡಚಿದ ಅರ್ಜಿಯನ್ನು ಅವನಿಗೆ ತೋರಿಸದೆ ನೇರ ಕೌಂಟರಿಗೆ ಒಯ್ದು ಕೊಟ್ಟಳು.

ಕೌಂಟರಿನಲ್ಲಿದ್ದ ಶಿವಲೀಲಾ ಅರ್ಜಿ ಓದಿ ಒಂದು ಸಲ ಕಣ್ಣೆತ್ತಿದಳು.

"ಹೋದ ಸಲ ವಾಪಸಾದ ಅರ್ಜಿ, ಅದಕ್ಕ ಬಾಯಿಲೆ ಕೇಳಿ ಖಾತ್ರಿ ಮಾಡ್ಕೋ ಅಂದಾರ್ರೀ ಸಾಹೇಬ್ರು. ಇವರ ಹೆಸರೇನ್ರಿ?" ಎಂದು ಯಂಕೋಬನತ್ತ ಕೈ ತೋರಿಸಿದಳು.

ವಾಣಿಶ್ರೀ ತಲೆ ತಗ್ಗಿಸಿದಳು. ಸೆರಗಿನ ಅಂಚು ಬೆರಳಿಗೆ ಸುತ್ತಿದಳು. ಹೇಳಲಿಲ್ಲ.

"ಹೆಸರು ಹೇಳ್ರಿ. ಇಲ್ಲಾಂದ್ರ ಮತ್ತ ವಾಪಸ್ ಹೋಗ್ತೈತಿ ಇದು."

ಹಿಂದೆ ಸಾಲು ಬೆಳೆಯುತ್ತಿತ್ತು. ಯಂಕೋಬ ಅವಳ ಪಕ್ಕಕ್ಕೆ ಬಾಗಿ ಪಿಸುಗುಟ್ಟಿದ: "ವಾಣಿ, ಒಂದ ಸಲ ಹೇಳು. ಬೇಕಾದಷ್ಟು ಬೈಯುವಿಯಂತ ಆಮ್ಯಾಲೆ. ಅಂಜಿ ಹಂಗ ಬರದಿದ್ದೆ. ನೀ ಅಂದ್ರ ನನಗ ಜೀವ, ಇನ್ನೂ ತಿಳೀವಲ್ದೇನು?"

ಪಿಸುಮಾತು ಎಂದು ಅವನು ತಿಳಿದಿದ್ದ. ಸಾಲಿನಲ್ಲಿದ್ದ ಹತ್ತೂ ಜನರಿಗೆ ಅದು ಕೇಳಿಸಿತು.

ಶಿವಲೀಲಾ ಅರ್ಜಿ ನೋಡಿದಳು, ವಾಣಿಶ್ರೀಯ ಬಗ್ಗಿದ ಕೊರಳು ನೋಡಿದಳು, ಗಲ್ಲದಿಂದ ಕಿವಿಯವರೆಗೆ ಹತ್ತಿದ ಕೆಂಪು ನೋಡಿದಳು. ಆಮೇಲೆ ಕುರ್ಚಿಗೆ ಒರಗಿ ಜೋರಾಗಿ ನಕ್ಕಳು.

"ಹೋ, ಹಿಂಗೈತೇನು ವಿಷಯ! ಹಂಗಾರ ಸುಮ್ನ ಹೆಂಗ ಹೇಳ್ತೀರಿ? ಒಡಪು ಹಾಕಿ ಹೇಳ್ರಿ ಮತ್ತ!"

ಒಡಪು! ಯಂಕೋಬನಿಗೆ ಆಗ ತಲೆಯಲ್ಲಿ ದೀಪ ಹತ್ತಿತು. ಈ ಕಡೆ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಲೇಬೇಕಾದರೆ ಪ್ರಾಸ ಕೂಡಿಸಿ, ಒಡಪಿನೊಳಗೆ ಹೆಸರು ಇಟ್ಟು ಹೇಳುತ್ತಾರೆ. ತಾಯಿ ಹಾಗೆ ಹೇಳುವುದನ್ನು ಕೇಳುತ್ತಲೇ ಬೆಳೆದವನು ಅವನು. ನಾಲ್ಕು ದಿನದಿಂದ ಅವಳು ಬಾಯಿ ಮುಚ್ಚಿಕೊಂಡೇ ಹೇಳುತ್ತಿದ್ದ ಮಾತು ಈ ದಡ್ಡನಿಗೆ ಕೇಳಿಸಿರಲಿಲ್ಲ.

ವಾಣಿಶ್ರೀ ನಿಧಾನಕ್ಕೆ ತಲೆ ಎತ್ತಿದಳು. ಅವನನ್ನು ನೋಡಲಿಲ್ಲ, ಕೌಂಟರಿನ ಗಾಜು ನೋಡಿದಳು. ಗಾಜಿನಲ್ಲಿ ಅವನೇ ಇದ್ದ.

"ಹಾಗಲಬಳ್ಳಿಗಿ ಹಂದರ ಚೆಂದ,
ಹಂದರದ ಮ್ಯಾಗ ಹಳದಿ ಹೂವ ಚೆಂದ,
ಬ್ಯಾಂಕಿನ ಪಾಸ್‌ಬುಕ್ಕಿಗಿ ಜೋಡಿ ಹೆಸರ ಚೆಂದ,
ನಮ್ಮ ಯಂಕೋಬ ಅವರು ಬಾಜೂಕಿದ್ರ ನನಗ ಚೆಂದ!"

ಸಾಲಿನಲ್ಲಿ ಯಾರೋ ಶಿಳ್ಳೆ ಹೊಡೆದರು. ಪಿಂಚಣಿಗೆ ಬಂದಿದ್ದ ಮುದುಕಿಯೊಬ್ಬಳು "ಶಹಬ್ಬಾಸ್ ಮಗಳ!" ಎಂದು ಚಪ್ಪಾಳೆ ತಟ್ಟಿದ್ದೇ, ಇಡೀ ಬ್ಯಾಂಕು ತಟ್ಟಿತು. ಗದ್ದಲಕ್ಕೆ ಮ್ಯಾನೇಜರ್ ಕ್ಯಾಬಿನ್ ಬಿಟ್ಟು ಹೊರಬಂದರು. ಅರ್ಜಿ ಎತ್ತಿಕೊಂಡು ಎಲ್ಲರಿಗೂ ಕೇಳುವಂತೆ ಓದಿದರು.

"ಸಂಬಂಧ: ಗಂಡ ಆಗುವವರು."

ಯಂಕೋಬನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಆಗುವವರು ಅಂದ್ರ ಯಾವಾಗ್ರಿ? ಮನಿಯವ್ರಿಗೆ ಗೊತ್ತೈತೇನು?" ಎಂದರು ಮ್ಯಾನೇಜರ್.

"ಶುಕ್ರವಾರ ಸಂಜಿಕ ನಮ್ಮಪ್ಪಗ ಈ ಅರ್ಜಿ ತೋರಿಸೀನ್ರಿ," ಎಂದಳು ವಾಣಿಶ್ರೀ. "ಹುಡುಗ ಒಪ್ಪ್ಯಾನೇನು ಅಂತ ಕೇಳಿದ. ಏನ್ ಬರದ್ರೂ ಒಪ್ಪಿಗಿ ಐತಿ ಅಂತ ಸಹಿ ಹಾಕಿ ಕೊಟ್ಟಾರಪ್ಪಾ ಅಂದೆ. ನಕ್ಕೋತ ಹೂಂ ಅಂದ."

ಮ್ಯಾನೇಜರ್ ಯಂಕೋಬನತ್ತ ತಿರುಗಿದರು. "ಸಹಿ ನಿಮ್ದ ಹೌದಲ್ರಿ?"

"ಹೌದ್ರಿ ಸಾಹೇಬ್ರ! ನಂದ! ಬೇಕಾದ್ರ ಇನ್ನೊಮ್ಮೆ ಹಾಕ್ತೀನ್ರಿ!"

ಮ್ಯಾನೇಜರ್ ನಗುತ್ತಲೇ ಮೊಹರು ಒತ್ತಿದರು. ಆ ಸದ್ದು ಯಂಕೋಬನ ಪಾಲಿಗೆ ಮದುವೆಯ ಬಾಜಾಬಜಂತ್ರಿಯೇ ಆಯಿತು.

ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಅವನಿಗೆ ಅದು ತಾಗಲೂ ಇಲ್ಲ. ಪಾಸ್‌ಬುಕ್ಕಿನ ಮೊದಲ ಪುಟ ತೆರೆದು, ಒಂದರ ಕೆಳಗೊಂದು ಕೂತಿದ್ದ ಎರಡು ಹೆಸರು ಓದುತ್ತ ಮೆಟ್ಟಿಲಿಳಿದ.

"ನಾಕು ದಿನ ಊಟ ಸೇರಲಿಲ್ಲ ನನಗ," ಎಂದ. "ಇನ್ನೊಮ್ಮೆ ಹೆಸರು ಹೇಳ್ ನೋಡೋಣ."

"ಇನ್ನ ಮದುವಿ ಅಕ್ಕಿಕಾಳು ಬೀಳೂ ದಿವ್ಸ. ಅಲ್ಲೀತನ ಕಾಯ್ರಿ."

"ಹೊಲದಾಗ ನೀರು ಬಿಡಾಕ ಹೆಂಗ ಕರೀತಿ ಮತ್ತ?"

ಅವಳು ಹೊಲದ ಕಡೆ ತಿರುಗಿದಳು. ಯಂಕೋಬ ಆ ಎರಡು ಹೆಸರಿನಲ್ಲೇ ಮುಳುಗಿ, ಹೊಲದ ದಾರಿ ಬಿಟ್ಟು ಬಸ್‌ಸ್ಟ್ಯಾಂಡಿನ ಕಡೆ ಹೆಜ್ಜೆ ಹಾಕಿದ್ದ. ಹತ್ತು ಮಾರು ಹೋಗಿರಬೇಕು, ಹಿಂದಿನಿಂದ ದನಿ ಬಂತು.

"ರೀ!"

ಕುಷ್ಟಗಿಯ ನಡುರಸ್ತೆಯಲ್ಲಿ ಎಷ್ಟೋ ಜನ ಗಂಡಸರಿದ್ದರು. ಎಲ್ಲರಿಗಿಂತ ಮೊದಲು ತಿರುಗಿದವನು ಯಂಕೋಬ.