ಕಡತದಲ್ಲಿ ಕಡಿಮೆ ಅಪಾಯ

ಕಟ್ಟೆಯ ಬುಡದ ಪೈಪಿನೊಳಗೆ ಮೂರು ಮಾರು ತೆವಳಿದ್ದೆ. ಆಗ ಕೇಳಿಸಿತು... ಕಬ್ಬಿಣ ಕಿರುಗುಟ್ಟುವ ಸದ್ದು.

ಮೇಲೆ ಯಾರೋ ಗೇಟಿನ ಚಕ್ರ ತಿರುಗಿಸುತ್ತಿದ್ದರು.

ಟಾರ್ಚು ಬಿಸಾಡಿ ಹಿಂದಕ್ಕೆ ಜಾರಿದೆ. ಮೊಣಕೈ ಸುಲಿಯಿತು. ನೀರು ಎದೆಗೆ ಗುದ್ದಿ ನನ್ನನ್ನು ಹೊರಗಿನ ಕಲ್ಲುಗಳ ಮೇಲೆ ಉಗುಳಿತು. ಬದುಕಿದೆಯಾ ಬಡಜೀವವೇ ಎಂದುಕೊಂಡು ತಲೆಯೆತ್ತಿದೆ.

ಕಟ್ಟೆಯ ಮೇಲೆ ಗೇಟಣ್ಣ ಚಕ್ರ ಹಿಡಿದು ನಿಂತಿದ್ದ. ಮೂವತ್ತು ವರ್ಷದಿಂದ ಆ ಗೇಟು ಕಾಯುತ್ತಿದ್ದವನು. ಅವನ ನಿಜವಾದ ಹೆಸರನ್ನು ಜನ ಎಂದೋ ಮರೆತಿದ್ದರು. ಪಕ್ಕದಲ್ಲಿ ಜೀಪಿಗೆ ಒರಗಿದ್ದವನು ಕಟ್ಟೆಯ ಧಣಿಯ ಅಳಿಯ. ಅಳಿಯ ನಗುತ್ತಿದ್ದ. ಗೇಟಣ್ಣ ತಲೆ ತಗ್ಗಿಸಿ ಚಕ್ರ ತಿರುಗಿಸಿ ಗೇಟನ್ನು ಮತ್ತೆ ಮುಚ್ಚಿದ.

ನನ್ನ ಕೆಲಸ ಖಾಸಗಿ ಕಟ್ಟೆಗಳ ತಪಾಸಣೆ. ಈ ಕಟ್ಟೆ ದೊಡ್ಡದೇನಲ್ಲ. ಮೂವತ್ತಡಿ ಎತ್ತರದ ಮಣ್ಣಿನ ಏರಿ, ಅದರ ಹಿಂದೆ ಕೆರೆ, ಕೆರೆಯಲ್ಲಿ ವಿಹಾರದ ದೋಣಿಗಳು, ದಡದಲ್ಲಿ ಧಣಿಯ ಕ್ಲಬ್ಬು. ಕಡತದಲ್ಲಿ ಅದರ ದರ್ಜೆ: ಕಡಿಮೆ ಅಪಾಯ.

ಎಲ್ಲರೂ ಎಡವುವುದು ಇಲ್ಲೇ. ಆ ದರ್ಜೆಗೂ ಕಟ್ಟೆ ಗಟ್ಟಿಯೋ ಟೊಳ್ಳೋ ಎಂಬುದಕ್ಕೂ ಸಂಬಂಧವಿಲ್ಲ. ಕಟ್ಟೆ ಒಡೆದರೆ ಕೆಳಗೆ ಯಾರು ಸಾಯುತ್ತಾರೆ... ಅದಷ್ಟೇ ಲೆಕ್ಕ. ಕಟ್ಟಿದಾಗ ಕೆಳಗಿದ್ದದ್ದು ಬರೀ ಹುಲ್ಲು. ಈಗ ಹನ್ನೊಂದು ಮನೆ, ಒಂದು ಶಿಶುವಿಹಾರ. ದರ್ಜೆ ಮಾತ್ರ ಇದ್ದಲ್ಲೇ ಇತ್ತು. ಅದು ಏರಿದರೆ ಪ್ರತಿವರ್ಷ ತಪಾಸಣೆ, ಕೋಡಿ ಅಗಲಿಸುವ ಕೆಲಸ, ಅದು ಮುಗಿಯುವ ತನಕ ದೋಣಿವಿಹಾರ ಬಂದ್. ಧಣಿಗೆ ಅದು ಬೇಕಿರಲಿಲ್ಲ. ಹಳೆಯ ವರದಿಯನ್ನೇ ನಕಲು ಮಾಡಿ ಸಹಿ ಹಾಕಿ ಎಂದು ಹಿಂದಿನ ದಿನ ಕೇಳಿದ್ದ. ಆಗುವುದಿಲ್ಲ ಎಂದಿದ್ದೆ. ಕಲ್ಲು ಜಾರುತ್ತೆ, ಹುಷಾರು ಎಂದು ನಯವಾಗಿ ಬೀಳ್ಕೊಟ್ಟಿದ್ದ.

ಎದ್ದು ನಿಂತೆ. ಆಗಲೇ ಕಣ್ಣಿಗೆ ಬಿದ್ದದ್ದು... ಪೈಪಿನಿಂದ ದೂರ, ಏರಿಯ ಬುಡದಲ್ಲಿ ಒಂದು ಒರತೆ. ಮಣ್ಣಿನ ಕಟ್ಟೆಯಲ್ಲಿ ನೀರು ಜಿನುಗುವುದು ಹೊಸತಲ್ಲ. ತಿಳಿಯಾಗಿದ್ದರೆ ಭಯವಿಲ್ಲ. ಇದು ಕೆಂಪಗಿತ್ತು. ಬೊಗಸೆಯಲ್ಲಿ ಹಿಡಿದೆ. ಅಂಗೈಯಲ್ಲಿ ಮಣ್ಣು ಕೂತಿತು.

ನೀರು ಕಟ್ಟೆಯನ್ನು ಒಳಗಿನಿಂದ ತಿನ್ನುತ್ತಿತ್ತು.

ಏರಿ ಹತ್ತಿದೆ. ಅಳಿಯ ಅಡ್ಡ ಬಂದು ತೋಳು ಹಿಡಿದ. "ಜೀಪ್ ಹತ್ತಿ ಮೇಡಂ. ಮಾವ ಮಾತಾಡ್ಬೇಕಂತೆ."

ಅವನ ಭುಜದಾಚೆ ನೋಡಿ ಕೇಳಿದೆ. "ಗೇಟಣ್ಣ, ಬುಡದಲ್ಲಿ ಕೆಂಪು ನೀರು ಯಾವಾಗಿಂದ ಬರ್ತಿದೆ?"

"ನಾಲ್ಕು ದಿನ ಆಯ್ತು."

"ಯಾರಿಗೆ ಹೇಳಿದ್ರಿ?"

ಅವನು ಅಳಿಯನ ಮುಖ ನೋಡಿದ. ಉತ್ತರ ಸಿಕ್ಕಿತು.

ಬೆಳಿಗ್ಗೆ ಕೆಳಗಿನ ಮನೆಗಳನ್ನು ಎಣಿಸುವಾಗ ಶಿಶುವಿಹಾರದ ಟೀಚರ್ ನನ್ನನ್ನು ಮಾತಾಡಿಸಿದ್ದಳು. ಅದನ್ನೇ ಗೇಟಣ್ಣನಿಗೆ ಹೇಳಿದೆ. "ನಿಮ್ಮ ಮಗಳು ಸಿಕ್ಕಿದ್ಲು. ಗೇಟ್ ನೋಡ್ಕೊಳ್ಳೋದು ನಮ್ಮಪ್ಪ, ನಮಗೇನು ಭಯ ಅಂದ್ಲು. ಇದು ಸಂಜೆ ತನಕ ನಿಲ್ಲಲ್ಲ ಗೇಟಣ್ಣ."

ಗೇಟಣ್ಣ ಬಗ್ಗಿ ಹಾರೆ ಎತ್ತಿಕೊಂಡ. ಅದನ್ನು ಬೀಸಲಿಲ್ಲ, ಸುಮ್ಮನೆ ಹಿಡಿದುಕೊಂಡ. "ಮೇಡಂಗೆ ಕೀ ಕೊಡಿ ಸಾಮಿ."

ಅಳಿಯ ಕೊಟ್ಟ.

ಗೇಟನ್ನು ಮೆಲ್ಲಗೆ ತೆಗೆಯಲು ಹೇಳಿದೆ. ನೀರು ಒಮ್ಮೆಗೇ ಇಳಿದರೆ ಏರಿಯ ಒಳಮೈ ಕುಸಿಯುತ್ತದೆ. ತಡಮಾಡಿದರೆ ಹೊರಮೈ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಬಿರುಕು ಕಂಡ ಕ್ಷಣ ಬಿಟ್ಟು ಓಡಿ ಎಂದೆ. ಅವನು ಚಕ್ರಕ್ಕೆ ಕೈ ಹಾಕಿದ. "ಮೊದಲು ಮಕ್ಕಳನ್ನ ನೋಡಿ" ಎಂದಷ್ಟೇ ಹೇಳಿದ.

ಅಳಿಯ ಫೋನು ಮಾಡಿರಬೇಕು. ಇಳಿಜಾರಿನ ಕಿರಿದಾದ ರಸ್ತೆಗೆ ಧಣಿಯ ಕಪ್ಪು ಕಾರು ಅಡ್ಡ ನಿಂತಿತ್ತು. ನಾನು ಬ್ರೇಕು ತುಳಿಯಲಿಲ್ಲ. ಬೇಲಿ ಮುರಿದು ಹುಲ್ಲಿಗಿಳಿದೆ. ತಲೆ ಜೀಪಿನ ಚಾವಣಿಗೆ ಬಡಿಯಿತು. ಕನ್ನಡಿಯಲ್ಲಿ ಕಾರು ತಿರುಗಿತು... ಬೆನ್ನಟ್ಟಿತು, ಹುಲ್ಲಿನ ಕೆಸರಲ್ಲಿ ಹೂತು ನಿಂತಿತು.

ಶಿಶುವಿಹಾರದಲ್ಲಿ ಊಟ ಮುಗಿದು ಹತ್ತೊಂಬತ್ತು ಮಕ್ಕಳು ಚಾಪೆಯ ಮೇಲೆ ಮಲಗಿದ್ದರು. ಟೀಚರ್ ನನ್ನ ಒದ್ದೆ ಬಟ್ಟೆ ನೋಡಿದಳು. ಹೊರಗೆ ತುಂಬಿ ಹರಿಯುತ್ತಿದ್ದ ಕಾಲುವೆ ನೋಡಿದಳು.

"ಅಪ್ಪ?"

"ಗೇಟ್ ಹತ್ರ ಇದ್ದಾರೆ."

ಅವಳು ಶಾಲೆಯ ಗಂಟೆ ಕೈಗೆತ್ತಿಕೊಂಡಳು. ಗಂಟೆ ಬಾರಿಸುತ್ತಾ ಬೀದಿಗಿಳಿದಳು. ಹನ್ನೊಂದು ಮನೆಯವರೂ ಹೊರಬಂದರು. ಅಜ್ಜಿಯೊಬ್ಬಳನ್ನು ಕುರ್ಚಿಸಮೇತ ಹೊತ್ತು ಗುಡ್ಡ ಹತ್ತಿಸಿದರು. ಮಕ್ಕಳನ್ನು ನಾನು ಜೀಪಿನಲ್ಲಿ ಎರಡು ಸಲ ಸಾಗಿಸಿದೆ. ಮೂರನೆಯ ಸಲ ಬಂದಾಗ ಒಳಗೆ ಇನ್ನೂ ಮೂವರಿದ್ದರು. ಬಾಗಿಲಲ್ಲಿ ಧಣಿ, ಕಾಲೆಲ್ಲ ಕೆಸರು.

"ಕಟ್ಟೆ ಒಡೀದಿದ್ರೆ ನಿಮ್ಮ ಕೆಲಸ ಉಳಿಯಲ್ಲ" ಎಂದ. ದನಿ ತಣ್ಣಗಿತ್ತು.

ಆಗ ಕೇಳಿಸಿತು. ಸಿಡಿಲಲ್ಲ. ದೂರದಲ್ಲಿ ಯಾರೋ ಲಾರಿಗಟ್ಟಲೆ ಜಲ್ಲಿ ಸುರಿದಂಥ ಸದ್ದು... ನಿಲ್ಲದೆ.

ಜೀಪು ತಿರುಗಿಸುವಷ್ಟೂ ಹೊತ್ತಿರಲಿಲ್ಲ. ಇಬ್ಬರು ಮಕ್ಕಳನ್ನು ಅವನ ತೋಳಿಗೆ ತುರುಕಿದೆ. "ಓಡಿ."

ಓಡಿದ. ಸುಳ್ಳು ಹೇಳಬಾರದು, ನನಗಿಂತ ಜೋರಾಗಿ ಓಡಿದ. ಮೂರನೆಯ ಮಗುವನ್ನೆತ್ತಿಕೊಂಡು ನಾನು ಗುಡ್ಡ ತಲುಪುವಷ್ಟರಲ್ಲಿ ಕೆಂಪು ನೀರು ಜೀಪನ್ನು ಮಗುಚಿ ಹಾಕಿತ್ತು. ಶಿಶುವಿಹಾರ ನಿಂತಲ್ಲೇ ತಿರುಗಿ ಕೊಚ್ಚಿ ಹೋಯಿತು. ಹನ್ನೊಂದು ಮನೆಗಳಲ್ಲಿ ಒಂದು ಗೋಡೆಯೂ ಉಳಿಯಲಿಲ್ಲ.

ಜನ ಮಾತ್ರ ಎಲ್ಲರೂ ಉಳಿದರು. ಗೇಟಣ್ಣ ಆ ಮುಕ್ಕಾಲು ಗಂಟೆಯಲ್ಲಿ ಕೆರೆಯನ್ನು ಮೂರಡಿ ಇಳಿಸಿದ್ದ. ಅದಿಲ್ಲದಿದ್ದರೆ ಅಷ್ಟು ಹೊತ್ತೂ ಸಿಗುತ್ತಿರಲಿಲ್ಲ. ಸಂಜೆ, ಒಡೆದ ಏರಿಯ ಆಚೆ ದಂಡೆಯಲ್ಲಿ ಕೂತಿದ್ದ. ಅಂಗೈ ಚರ್ಮ ಕಿತ್ತು ಬಂದಿತ್ತು. ಮಗಳು ಈಚೆ ದಡದಿಂದ ಅಪ್ಪಾ ಎಂದು ಕೂಗಿದಳು. ಅವನು ಕೈಯೆತ್ತಿದ, ಏಳಲಾಗಲಿಲ್ಲ.

ಮರುದಿನ ಪತ್ರಿಕೆಗಳಲ್ಲಿ ಧಣಿಯ ಫೋಟೋ ಬಂತು, ಎರಡು ತೋಳಲ್ಲೂ ಮಕ್ಕಳು. ಅದೇ ದಿನ ಗೇಟಣ್ಣನ ಮೇಲೆ ದೂರು ದಾಖಲಾಯಿತು: ಅನುಮತಿಯಿಲ್ಲದೆ ಗೇಟು ತೆಗೆದು ಕಟ್ಟೆ ಕೆಡವಿದನಂತೆ. ಅದರ ವಿಚಾರಣೆಯಲ್ಲಿ ಅವನ ಪರ ನಾನೇ ಸಾಕ್ಷಿ. ಇನ್ನೂ ಕೋರ್ಟಿಗೆ ಅಲೆಯುತ್ತಿದ್ದೇನೆ.

ಮೊನ್ನೆ ನನ್ನ ಮೇಜಿಗೆ ಹೊಸ ಅರ್ಜಿ ಬಂತು. ಅದೇ ಜಾಗ, ಅದೇ ಎತ್ತರ, ಅದೇ ಧಣಿ. ದರ್ಜೆಯ ಜಾಗದಲ್ಲಿ 'ಕಡಿಮೆ ಅಪಾಯ' ಎಂದು ತುಂಬಿದ್ದಾನೆ. ಕಾರಣ: ಕೆಳಗೆ ಈಗ ಯಾರೂ ವಾಸವಿಲ್ಲ.

ನಿಯಮದ ಪುಸ್ತಕ ಎರಡು ಸಲ ತಿರುವಿ ನೋಡಿದೆ. ಈ ಸಲ ಅವನು ಬರೆದದ್ದು ಸತ್ಯ.