ಮುಚ್ಚಿದ್ದ ಖಾಲಿ ತೊಟ್ಟಿ

ಮುಚ್ಚಳದ ಹಲಗೆ ಎತ್ತಿದ ಕಿನುಯೊ ಅಲ್ಲೇ ಕುಸಿದು ಕುಳಿತಳು. ಮರದ ತೊಟ್ಟಿಯಲ್ಲಿ ನೀರಿರಲಿಲ್ಲ. ಹೊರಬದಿಯ ಬುಡದಲ್ಲಿದ್ದ ಬಿರಡೆಯನ್ನು ಯಾರೋ ಕಿತ್ತು ಪಕ್ಕದಲ್ಲಿಟ್ಟಿದ್ದರು. ಒಳಗೆ ಕೆಂಪು ಕೆಸರಿನ ತೆಳು ಪದರವೊಂದೇ ಉಳಿದಿತ್ತು.

ಅವಳ ವಸತಿಗೃಹಕ್ಕೆ ಇದ್ದದ್ದು ಅದೊಂದೇ ಸ್ನಾನದ ತೊಟ್ಟಿ. ಬೆಟ್ಟದ ಬುಗ್ಗೆಯ ಕಬ್ಬಿಣದ ಅಂಶವಿರುವ ಕೆಂಪು ನೀರು ಬೆರಳು ದಪ್ಪದ ಧಾರೆಯಾಗಿ ಬಿದ್ದು ಅದು ತುಂಬಬೇಕು. ಇಂದು ಬಿರಡೆ ಬಡಿದರೆ ತುಂಬುವುದು ನಾಳೆ. ಇಂದು ಸಂಜೆಯೇ ಒಸಾಕಾದ ಹಳೆಯ ಗಿರಾಕಿಗಳು ಬರುವವರಿದ್ದರು. ಅವರು ಬರುವುದೇ ಆ ನೀರಿಗಾಗಿ.

ಯಾರ ಕೆಲಸವೆಂದು ಕಿನುಯೊ ವಿಚಾರಿಸಲಿಲ್ಲ. ಆ ಮನೆಯಲ್ಲಿ ಮೊದಲ ಬಾರಿಗೆ ವಿದೇಶೀಯರು ತಂಗಿದ್ದರು — ಪೋರ್ಚುಗಲ್‌ನ ತವಾರೆಸ್ ದಂಪತಿ. ಅವರನ್ನು ಸೇರಿಸಿಕೊಳ್ಳಲು ಚಳಿಗಾಲವಿಡೀ ವಾದಿಸಿದವಳು ಸಹಾಯಕಿ ಚಿಸಾಟೊ. ಇಂಗ್ಲಿಷ್ ಬಲ್ಲಳೆಂದೇ ಅವಳಿಗೆ ಅಲ್ಲಿ ಕೆಲಸ. ವಿದೇಶೀಯರು ಬರಬಾರದೆಂದಾದರೆ ಅವಳಿಗೂ ಅಲ್ಲಿ ಜಾಗವಿಲ್ಲ. ಮಧ್ಯಾಹ್ನದ ಬಸ್ಸಿಗೆ ಅವರನ್ನು ಹತ್ತಿಸಿ ನೀನೂ ಹೊರಡು ಎಂದಳು ಕಿನುಯೊ. ಬಾಗಿಲ ಬಳಿಯ ಇಂಗ್ಲಿಷ್ ಸ್ವಾಗತ ಫಲಕ ಆಗಲೇ ಕೆಳಗಿಳಿದಿತ್ತು.

ಮಂಡಿನೋವಿಗೆಂದು ಪ್ರತಿ ವಸಂತದಲ್ಲಿ ಅಲ್ಲಿಗೆ ಬರುತ್ತಿದ್ದ ನಗುಮೊ, ನಿವೃತ್ತ ಪತ್ತೇದಾರರು, ಉಪಾಹಾರಕ್ಕೆ ಕುಳಿತಿದ್ದರು. ಎದುರಿಗೆ ಕಿನುಯೊಳ ಮಾವ ಟೊಕುಜೊ. ಶೀತವೆಂದು ಬಾಯಿಗೆ ಟವೆಲ್ ಒತ್ತಿಕೊಂಡಿದ್ದ ಅವರು ಅನ್ನಕ್ಕೆ ಚಹಾ ಸುರಿದು ನುಂಗಿದರು. ಮೂಲಂಗಿಯ ಉಪ್ಪಿನಕಾಯಿಯನ್ನು ಪಕ್ಕಕ್ಕೆ ಸರಿಸಿದರು. ಸೊಸೆಗಿಂತ ಮೊದಲು ಊರಿಗೆಲ್ಲ ಕೇಳುವಂತೆ ಕೂಗಾಡಬೇಕಾದವರು ಅವರು. ಇಂದು ಅವರ ದನಿಯೇ ಇಲ್ಲ. ಅಡುಗೆಯ ಹಾತ್ಸು ಮಾತ್ರ ತನ್ನ ನೂಡಲ್ಸ್ ಸೋಸುವ ಬಿದಿರುಬುಟ್ಟಿಯನ್ನು ಯಾರೋ ಕೊಳೆ ಮಾಡಿದ್ದಾರೆಂದು ಒಳಗಿನಿಂದಲೇ ಗೊಣಗುತ್ತಿದ್ದಳು. ಯಾರೂ ಕಿವಿಗೊಡಲಿಲ್ಲ.

ನಗುಮೊ ಚಿಸಾಟೊಳನ್ನು ಕರೆದರು. "ಅವರಿಗೆ ನಿಯಮ ಹೇಳಿಕೊಟ್ಟೋರು ಯಾರಮ್ಮ?"

"ಟೊಕುಜೊ ಅಜ್ಜನೇ. ನಾನು ಇಂಗ್ಲಿಷಲ್ಲಿ ಹೇಳ್ದೆ. ಹೊರಗೆ ಕೂತು ಮೈ ತೊಳ್ಕೊಂಡೇ ಇಳೀಬೇಕು, ಟವೆಲ್ ನೀರಿಗೆ ತಾಗಬಾರ್ದು, ಎದ್ದ ಮೇಲೆ ಹಲಗೆ ಮುಚ್ಬೇಕು, ಬಿರಡೆ ಮುಟ್ಟಲೇಬಾರ್ದು — ಒಂದೂ ಬಿಟ್ಟಿಲ್ಲ."

"ಅದಕ್ಕೆ ಅವರೇನಂದ್ರು?"

ಚಿಸಾಟೊ ತಲೆ ತಗ್ಗಿಸಿದಳು. "ಒಬ್ಬರು ಇಳಿದ ನೀರಿಗೇ ಇನ್ನೊಬ್ರಾ, ಬದಲಾಯಿಸಲ್ವಾ ಅಂತ ಆಯಮ್ಮ ಕೇಳಿದ್ರು."

"ಕೇಳಿದ್ರಲ್ಲ," ಎಂದಳು ಕಿನುಯೊ. "ಅಸಹ್ಯ ಪಟ್ಕೊಂಡು ಕಿತ್ತುಬಿಟ್ರು. ಖಾಲಿ ತೊಟ್ಟಿಗೆ ಮುಚ್ಚಳ ಮಾತ್ರ ನೆಟ್ಟಗೆ ಮುಚ್ಚಿದ್ದಾರೆ. ಎಷ್ಟು ಮರ್ಯಾದೆಸ್ಥರು ನೋಡಿ."

ತಾವು ಸ್ನಾನ ಮುಗಿಸಿ ಎದ್ದಾಗ ತೊಟ್ಟಿ ತುಂಬಿತ್ತೆಂದು ದಂಪತಿ ಹೇಳಿದ್ದರು. ನಂಬಿದವಳು ಚಿಸಾಟೊ ಒಬ್ಬಳೇ.

"ಅವರ ನಂತರ ಯಾರು ಇಳೀತಾರೆ?"

"ಕೊನೇಲಿ ಮಾವ. ಆದ್ರೆ ನೆನ್ನೆ ಶೀತ ಅಂತ ಇಳೀಲಿಲ್ವಂತೆ."

ಟೊಕುಜೊ ಹೌದೆಂದು ತಲೆಯಾಡಿಸಿದರು.

ನಗುಮೊ ಎದ್ದು ಸ್ನಾನದ ಮನೆಗೆ ಹೋದರು. ಅಲ್ಲಿಂದ ಅಡುಗೆಮನೆಗೆ. ಅಷ್ಟರಲ್ಲಿ ಮೇಲಿನ ಕೋಣೆಯಿಂದ ಪೆಟ್ಟಿಗೆಗಳನ್ನು ಇಳಿಸುವ ಸದ್ದು ಕೇಳಿತು. ಚಿಸಾಟೊ ಬಾಗಿಲ ಬಳಿ ಮಂಡಿಯೂರಿ ದಂಪತಿಯ ಶೂಗಳನ್ನು, ಹೊರಡುವ ಅತಿಥಿಗಳಿಗೆ ಇಡುವಂತೆ, ಹೊರಮುಖವಾಗಿ ಜೋಡಿಸಿದಳು. ಪಕ್ಕದಲ್ಲೇ ಅವಳ ಚೀಲವಿತ್ತು.

ನಗುಮೊ ಬಿದಿರುಬುಟ್ಟಿಯೊಂದಿಗೆ ಮರಳಿದರು.

"ನೆನ್ನೆ ಊಟದ ಹೊತ್ತಿಗೆ ಇದು ಬೆಳ್ಳಗಿತ್ತಂತೆ. ಈಗ ತುಕ್ಕಿನ ಬಣ್ಣ. ಈ ಮನೇಲಿ ಕೆಂಪು ನೀರು ಇರೋದು ಒಂದೇ ಕಡೆ, ಅಲ್ವಾ ಕಿನುಯೊ?"

"ಅದಕ್ಕೇನೀಗ?"

"ಅಸಹ್ಯ ಅಂತ ನೀರು ಬಿಡೋನು ಅದನ್ನ ಸೋಸ್ತಾನಾ? ತೂತಿನ ಬಾಯಿಗೆ ಬುಟ್ಟಿ ಹಿಡಿದೋನು ಏನೋ ಹುಡುಕ್ತಿದ್ದ. ಆ ಕೆಂಪು ನೀರಲ್ಲಿ ಬಿದ್ದದ್ದು ಕಣ್ಣಿಗೆ ಕಾಣಲ್ಲ. ಮುಳುಗಿ ತಡಕೋ ವಯಸ್ಸಿಲ್ದೆ ಇದ್ರೆ ನೀರನ್ನೇ ಬಿಡ್ಬೇಕು. ಹುಡುಕಿದ ಮೇಲೆ ಬುಟ್ಟಿಯನ್ನ ಅಡುಗೆಮನೆ ಮೊಳೆಗೆ, ಅದರ ಜಾಗಕ್ಕೇ, ತೂಗುಹಾಕಿದ್ದಾರೆ. ನೆನ್ನೆ ಬಂದ ಅತಿಥಿಗೆ ಆ ಮೊಳೆ ಗೊತ್ತಾ?"

ನಗುಮೊ ಉಪ್ಪಿನಕಾಯಿಯ ತಟ್ಟೆಯನ್ನು ಟೊಕುಜೊ ಅವರ ಮುಂದೆ ಸರಿಸಿದರು.

"ಒಂದು ತುಂಡು ತಗೊಳ್ಳಿ, ಹಿರಿಯರೇ. ಪ್ರತಿ ವರ್ಷ ಇಲ್ಲಿ ನನ್ನ ಎಬ್ಬಿಸೋದೇ ನೀವು ಇದನ್ನ ಅಗಿಯೋ ಕರಕರ ಸದ್ದು. ಇವತ್ತು ನಾನು ತಡವಾಗಿ ಎದ್ದೆ."

ಮುದುಕರು ನಿಲುವಂಗಿಯ ಅಗಲ ತೋಳಿನೊಳಗಿಂದ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದರು. ಎರಡು ಹೋಳಾದ ಹಲ್ಲಿನ ಸೆಟ್ಟು. ಟವೆಲ್ ಕೆಳಗಿಳಿಯಿತು. ಬಾಯಿ ಒಳಕ್ಕೆ ಕುಸಿದಿತ್ತು.

"ರಾತ್ರಿ ತೊಟ್ಟಿಗೆ ಇಳಿದಿದ್ದೆ. ಸೀನು ಬಂತು. ಬಿತ್ತು. ಸಿಕ್ಕಿದ್ದೂ ಕೈ ಜಾರಿ ಕಲ್ಲಿಗೆ ಬಡೀತು. ಗಾಬರೀಲಿ ಬಿರಡೆ ಬಡಿಯೋದು ಮರೆತೆ, ಹಲಗೆ ಮಾತ್ರ ಅಭ್ಯಾಸಕ್ಕೆ ಮುಚ್ಚಿದೆ."

"ಮಾವ, ಹೇಳ್ಬಾರ್ದಿತ್ತಾ?" ಎಂದಳು ಕಿನುಯೊ.

"ಬಿರಡೆ ಮುಟ್ಟಬೇಡಿ ಅಂತ ಅವರಿಗೆ ಬುದ್ಧಿ ಹೇಳಿದೋನು ನಾನು. ಬೆಳಿಗ್ಗೆ ಹೇಳೋಣ ಅಂತಿದ್ದೆ. ನೀನು ಅವರ ಹೆಸರು ಎತ್ತಿದೆ. ಸುಲಭ ಆಯ್ತು. ಸುಮ್ಮನಾದೆ."

"ನೀರು ನಾಳೆ ತುಂಬುತ್ತೆ," ಎಂದರು ನಗುಮೊ. "ತಪ್ಪು ನೀರು ಬಿಟ್ಟದ್ದಲ್ಲ. ಸುಮ್ಮನಾದದ್ದು."

ದಂಪತಿ ಮೆಟ್ಟಿಲಿಳಿದು ಬಂದರು. ತವಾರೆಸ್ ಅವರ ಹೆಂಡತಿಯ ಕಣ್ಣು ಕೆಂಪಾಗಿತ್ತು. ಟೊಕುಜೊ ಆ ದಂಪತಿಯ ಎದುರು ಮಂಡಿಯೂರಿ, ಹಣೆಯನ್ನು ನೆಲಕ್ಕೆ ತಾಗಿಸಿದರು. ಬಾಯಿಗೆ ಕೈ ಅಡ್ಡ ಹಿಡಿಯದೆ ಮಾತಾಡಿದರು. ಹಲ್ಲಿಲ್ಲದ ಮಾತು ಚಿಸಾಟೊಗೂ ತಿಳಿಯಲಿಲ್ಲ. ಅವಳು ತಡೆದಳು.

"ನೀರು ಬಿಟ್ಟೋನು ನಾನು ಅಂತ ಹೇಳು," ಅವರು ನಿಧಾನವಾಗಿ ಮತ್ತೆ ಹೇಳಿದರು. "ಗೊತ್ತಿದ್ದೂ ಸುಮ್ಮನಿದ್ದೆ ಅಂತಾನೂ ಹೇಳು. ಮೆತ್ತಗೆ ಮಾಡ್ಬೇಡ."

ಚಿಸಾಟೊ ಹೇಳಿದಳು. ಮೆತ್ತಗೆ ಮಾಡಲಿಲ್ಲ.

ಕಿನುಯೊ ಸ್ವಾಗತ ಫಲಕವನ್ನು ಮತ್ತೆ ತೂಗುಹಾಕಲು ಎತ್ತಿಕೊಂಡು ಹೊರಗೆ ನಡೆದಳು. ಟೊಕುಜೊ ಬಾಗಿಲಿನತ್ತ ಸರಿದು, ಹೊರಮುಖವಾಗಿದ್ದ ಶೂಗಳನ್ನು ಎರಡೂ ಕೈಗಳಿಂದ ಎತ್ತಿ ಕಪಾಟಿನೊಳಗೆ ಇಟ್ಟರು. ಆಮೇಲೆ ಚಿಸಾಟೊಳ ಚೀಲವನ್ನೂ ಒಳಗೆ ಎಳೆದುಕೊಂಡರು.

ಮಧ್ಯಾಹ್ನದ ಬಸ್ಸು ಬಂದು ನಿಂತಿತು. ಹತ್ತುವವರಿರಲಿಲ್ಲ.