ವಿಲ್ಮಾಳ ರೇಡಿಯೋ

ಇದು ನಡೆದದ್ದು ಜುಲೈ ತಿಂಗಳ ನಡುಮಧ್ಯಾಹ್ನ, ನೆಬ್ರಾಸ್ಕಾದ ಬಟಾಬಯಲಿನ ಹೆದ್ದಾರಿಯಲ್ಲಿ. ನಾನು ಟ್ರಕ್ಕು ಓಡಿಸಲು ಶುರುಮಾಡಿ ಮೂರನೆಯ ದಿನ. ಚಾಲಕರು ದಾರಿಯಲ್ಲಿ ಪರಸ್ಪರ ಮಾತಾಡುವ ಸಿಬಿ ರೇಡಿಯೋ ಕೊಳ್ಳಲು ಬೆಳಿಗ್ಗೆ ವರ್ಜಿಲ್ ಮುದುಕನ ಅಂಗಡಿಗೆ ಹೋಗಿ, ಅಲ್ಲಿದ್ದ ಹಳೆಯದೊಂದನ್ನು ಕೈಗೆತ್ತಿಕೊಂಡಿದ್ದೆ.

"ಹೊಸದು ತಗೊಳ್ಳೇ ಮಗಳೇ," ಅಂದ. "ಅದು ವಿಲ್ಮಾದು. ಅವಳ ಬಾಯಿಗೆ ಒಗ್ಗಿಹೋಗಿದೆ."

ವಿಲ್ಮಾ ನನ್ನ ಗಂಡ ರಾಯ್ಸ್‌ನ ಮೊದಲ ಹೆಂಡತಿ. ತೀರಿಕೊಂಡು ಆರು ವರ್ಷ. ಅವಳ ಹೆಸರೆತ್ತಿದರೆ ಅವನ ಮುಖ ಈಗಲೂ ಮೆತ್ತಗಾಗುತ್ತದೆ. ಅವಳ ದನಿ ಬರುತ್ತಿದ್ದ ರೇಡಿಯೋದಲ್ಲಿ ಇನ್ನು ನನ್ನದೇ ಬರಲಿ ಎಂಬ ಹೊಟ್ಟೆಕಿಚ್ಚಿಗೆ ಅದನ್ನೇ ಕೊಂಡೆ. ಸತ್ತವರ ಬಾಚಣಿಗೆ ಮುಟ್ಟಬಾರದು ಅನ್ನುತ್ತಿದ್ದಳು ಅಜ್ಜಿ. ರೇಡಿಯೋ ಬಗ್ಗೆ ಏನೂ ಹೇಳಿರಲಿಲ್ಲ.

ಮನೆಗೆ ಹೊರಟಾಗ ರಾಯ್ಸ್‌ನ ಟ್ರಕ್ಕು ಮುಂದೆ, ನನ್ನದು ಹಿಂದೆ. ರೇಡಿಯೋ ಹಾಕಿಸಿದವರು ಮೊದಲು ಕೇಳುವುದನ್ನೇ ಮೈಕಿನ ಗುಂಡಿ ಒತ್ತಿ ಕೇಳಿದೆ: "ಹೇಗಿದೆ ನನ್ನ ದನಿ?"

ಅವನು, ನನ್ನೊಡನೆ ಎಂದೂ ಆಡದ ದನಿಯಲ್ಲಿ, "ಹಾಗೇ ಇದೆ ಕಣೇ. ಒಂಚೂರೂ ಬದಲಾಗಿಲ್ಲ," ಅಂದ.

"ರಾಯ್ಸ್, ನಾನು ಟೆಸ್."

ಅವನು ನಕ್ಕ. "ಅವಳ ಮಾತು ಬಿಡು. ಪಾಪ, ಇನ್ನೂ ಗೇರ್ ಹಾಕೋಕೇ ಬರಲ್ಲ ಅದಕ್ಕೆ."

ಆ ಬಿಸಿಲಲ್ಲೂ ಮೈಕು ಕೈಯಲ್ಲಿ ತಣ್ಣಗೆ ಕೊರೆಯತೊಡಗಿತು. ನಾನು ತುಟಿ ಬಿಚ್ಚಲಿಲ್ಲ. ಅವನು ಮಾತ್ರ ಯಾರದೋ ಮಾತು ಕೇಳಿಸಿಕೊಳ್ಳುವವನಂತೆ ನಡುನಡುವೆ ತಡೆದು, "ಹೂಂ, ಬರ್ತೀನಿ," ಅನ್ನುತ್ತಲೇ ಇದ್ದ.

ಟ್ರಕ್ಕು ಬದಿಗೆ ನಿಲ್ಲಿಸಿ, ತಂತಿಗಳನ್ನೆಲ್ಲ ಕಿತ್ತು ರೇಡಿಯೋವನ್ನು ತೊಡೆಯ ಮೇಲಿಟ್ಟುಕೊಂಡೆ. ದೂರದಲ್ಲಿ ಅವನ ಟ್ರಕ್ಕು ನಮ್ಮ ಮನೆಯ ತಿರುವು ದಾಟಿ ನೇರ ಹೋಯಿತು. ತೊಡೆಯ ಮೇಲಿನ ಮೈಕಿನ ಗುಂಡಿ, ಯಾರೋ ಬೆರಳಿಟ್ಟಂತೆ, ಒತ್ತಿಕೊಂಡೇ ಇತ್ತು.